ಆರು ಮೂಲೆಯ ಬಿಲ್ಲೆ

ಮೇಸ್ತ್ರಿ ಮೂರನೆಯ ಮಹಡಿಯಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತು ಏದುಸಿರು ಬಿಡುತ್ತಿದ್ದಾಗ, ಲಿಫ್ಟಿನ ಮುಂದೆ ಕಾಯುತ್ತಿದ್ದ ಅಜ್ಜಿಯೊಬ್ಬರು ಅವನ ಅಂಗಿಯ ಬೆನ್ನನ್ನು ಅಕ್ಷರ ಅಕ್ಷರವಾಗಿ ಓದಿದರು. ಅಲ್ಲಿ ಲಿಫ್ಟ್ ಕಂಪನಿಯ ಹೆಸರೂ ಅದರ ಕೆಳಗೆ ‘ರಿಪೇರಿ ವಿಭಾಗ’ ಎಂದೂ ದಪ್ಪಕ್ಷರದಲ್ಲಿತ್ತು.

“ಏನಪ್ಪಾ, ಲಿಫ್ಟ್ ಕೆಟ್ಟಿದೆಯಾ?”

“ಇಲ್ಲಮ್ಮ, ಚೆನ್ನಾಗಿದೆ.”

“ಮತ್ತೆ ನೀನ್ಯಾಕೆ ನಡ್ಕೊಂಡು ಹೋಗ್ತಿದ್ದೀಯ?”

ಮೇಸ್ತ್ರಿ ಕಂಬಿಯ ಮೇಲಿನ ಕೈ ತೆಗೆದು, “ವ್ಯಾಯಾಮ” ಎಂದ. ಅಜ್ಜಿ ಅವನ ಹೊಟ್ಟೆಯನ್ನೊಮ್ಮೆ, ಲಿಫ್ಟಿನ ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ರಿಪೇರಿಯವನೇ ಹತ್ತದ ಲಿಫ್ಟನ್ನು ಅವರು ಹತ್ತುವುದುಂಟೇ. ಅವನಿಗೆ ನಾಚಿಕೆಯಾಯಿತು, ಆದರೆ ಕರೆದು ಹೇಳಲು ಉಸಿರಿರಲಿಲ್ಲ.

ನಾಲ್ಕನೆಯ ಮಹಡಿಯ ಕೊನೆಯ ಕೋಣೆಯ ಬಾಗಿಲು ಅವನು ತಟ್ಟುವ ಮೊದಲೇ ತೆರೆಯಿತು. ಬೂಟಿನ ಸದ್ದಿಗಿಂತ ಮುಂಚೆ ಅವನ ಉಸಿರಿನ ಸದ್ದು ಅಲ್ಲಿಗೆ ಮುಟ್ಟುತ್ತಿತ್ತು. ಬಾಗಿಲ ಮೇಲೆ ‘ಆಪ್ತಸಮಾಲೋಚಕಿ’ ಎಂದು ಬರೆದಿತ್ತು. ತಾನು ಡಾಕ್ಟರಲ್ಲ ಎಂದು ಆಕೆ ಮೊದಲ ದಿನವೇ ಹೇಳಿದ್ದರೂ, ಅಷ್ಟುದ್ದದ ಪದ ನಾಲಗೆಯ ಮೇಲೆ ಹೊರಳದೆ ಮೇಸ್ತ್ರಿ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದ. ನಲವತ್ತರ ಆಸುಪಾಸಿನ, ಕನ್ನಡಕವನ್ನು ಎಲ್ಲೋ ಇಟ್ಟು ದಿನವಿಡೀ ಹುಡುಕುವ ಹೆಂಗಸು. ಮೇಜಿನ ಮೇಲೆ ಒಂದು ಲೋಟ ನೀರು ತುಂಬಿಟ್ಟಿದ್ದರು. ಮೊದಲ ವಾರ ಅವನು ಉಸಿರು ಸಿಕ್ಕದೆ ಒದ್ದಾಡಿದ್ದನ್ನು ಕಂಡ ಮೇಲೆ ಪ್ರತಿ ಗುರುವಾರ ಮೂರು ಗಂಟೆಗೆ ಆ ಲೋಟ ಅಲ್ಲಿರುತ್ತಿತ್ತು. ಲಿಫ್ಟಿನಲ್ಲಿ ಯಾಕೆ ಬರುವುದಿಲ್ಲ ಎಂದು ಮಾತ್ರ ಅವರು ಒಂದು ದಿನವೂ ಕೇಳಿರಲಿಲ್ಲ.

ಇದು ಏಳನೆಯ ಗುರುವಾರ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಅವನು ಆಫೀಸಿನಿಂದ ಅರ್ಧ ದಿನ ರಜೆ ಪಡೆಯುತ್ತಿದ್ದ. ಆಫೀಸಿನ ಪ್ರಕಾರ ಅವನ ಬಾಯಲ್ಲಿ ಇಷ್ಟರೊಳಗೆ ಏಳು ಹಲ್ಲು ಕಡಿಮೆಯಾಗಿರಬೇಕಿತ್ತು. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ರಾಜೀನಾಮೆ ಪತ್ರವಿತ್ತು. ಮತ್ತೆ ಗುಂಡಿಗಿಳಿಯುತ್ತೀಯೋ ಇಲ್ಲವೋ ತಿಂಗಳ ಕೊನೆಯೊಳಗೆ ಹೇಳು ಎಂದು ಸೂಪರ್‌ವೈಸರ್ ಗಡುವು ಕೊಟ್ಟಿದ್ದ. ಇನ್ನು ಹನ್ನೊಂದು ದಿನ ಉಳಿದಿತ್ತು.

ಪ್ರತಿ ಲಿಫ್ಟಿನ ಬುಡದಲ್ಲೂ ಎದೆಯೆತ್ತರದ ಒಂದು ಗುಂಡಿ ಇರುತ್ತದೆ. ಲಿಫ್ಟಿನಲ್ಲಿ ಓಡಾಡುವವರಿಗೆ ಅದರ ಸುದ್ದಿಯೇ ತಿಳಿದಿರುವುದಿಲ್ಲ. ಬಾಗಿಲಿನ ಸಂದಿಯಿಂದ ಬಿದ್ದ ಪೆನ್ನು, ಬಾಚಣಿಗೆ, ಒಂಟಿ ಓಲೆ, ಮಕ್ಕಳ ಗೋಲಿ ಎಲ್ಲ ಹೋಗಿ ಸೇರುವುದು ಅಲ್ಲಿಗೆ. ತಿಂಗಳಿಗೊಮ್ಮೆ ಅದರೊಳಗಿಳಿದು ಗುಡಿಸಿ, ಸ್ಪ್ರಿಂಗುಗಳಿಗೆ ಗ್ರೀಸ್ ಹಚ್ಚಿ ಬರುವುದು ಮೇಸ್ತ್ರಿಯ ಕೆಲಸ. ಇಪ್ಪತ್ತಾರು ವರ್ಷ ಅವನು ಅದನ್ನು ಮಾಡಿದ್ದ. ಇಳಿಯುವ ಮುಂಚೆ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ, ಮುಖ್ಯ ಸ್ವಿಚ್ ಕೆಳಗೆಳೆದು, ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ಇಳಿಯುವವನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಬೇರೆಯವರ ಕೈಗೆ ಕೊಡುವಂತಿಲ್ಲ, ಬೀಗದಲ್ಲೇ ಬಿಡುವಂತಿಲ್ಲ. ಒಂದು ಬೀಗಕ್ಕೆ ಒಂದೇ ಕೈ.

ಬೀಗದ ಕೈ ಕಳೆದುಹೋಗದಿರಲಿ ಎಂದು ಮೇಸ್ತ್ರಿ ಅದಕ್ಕೆ ಬೆರಳು ದಪ್ಪದ ಹಿತ್ತಾಳೆ ಬಿಲ್ಲೆಯೊಂದನ್ನು ಕಟ್ಟಿದ್ದ. ಉಳಿದ ಮೇಸ್ತ್ರಿಗಳದು ದುಂಡಗೆ, ಇವನದು ಆರು ಮೂಲೆ, ತಾನೇ ಅರದಿಂದ ಉಜ್ಜಿ ಮಾಡಿಕೊಂಡದ್ದು. ಹೊಲಿಗೆಯ ಕೆಲಸ ಮಾಡುವ ಅವನ ಹೆಂಡತಿ ಆ ಬಿಲ್ಲೆಗೆಂದೇ ಅವನ ಪ್ರತಿಯೊಂದು ಕೆಲಸದ ಪ್ಯಾಂಟಿನ ಬಲತೊಡೆಗೂ ಗುಂಡಿ ಹಾಕುವ ಆಳವಾದ ಜೇಬೊಂದನ್ನು ಹೊಲಿದು ಕೊಡುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೇಸ್ತ್ರಿ ಹೇಳುತ್ತಿದ್ದ ಮೊದಲ ಮಾತು ಒಂದೇ: “ಕೀ ಬೀಗದಲ್ಲಿ ಬಿಟ್ಟು ಬರೋನು ಈ ಕೆಲಸಕ್ಕೆ ಬರಬೇಡ. ಹೋಗಿ ಬೇರೇನಾದ್ರೂ ಮಾಡ್ಕೋ.”

ಹದಿನಾಲ್ಕು ತಿಂಗಳ ಹಿಂದೆ ಅವನು ಗುಂಡಿಯಲ್ಲಿದ್ದಾಗಲೇ ಲಿಫ್ಟ್ ಕೆಳಗೆ ಬಂತು. ಹನ್ನೊಂದು ನಿಮಿಷ ಅದರ ತಳದ ಕೆಳಗೆ ಸಿಕ್ಕಿಕೊಂಡಿದ್ದು ಅವನು ಹೊರಬಂದ. ಮೈಮೇಲೆ ಒಂದು ಗೀರೂ ಬಿದ್ದಿಲ್ಲ, ಪುಣ್ಯವಂತ ನೀನು ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಮೂರನೆಯ ದಿನ ಸೂಪರ್‌ವೈಸರ್ ಒಂದು ವರದಿ ತಂದು ಮುಂದಿಟ್ಟ. ಬೀಗದ ಕೈ ಬೀಗದಲ್ಲೇ ಸಿಕ್ಕಿದೆ, ಕೆಲಸಗಾರನ ಅಜಾಗರೂಕತೆ, ಕಟ್ಟಡದ ಕಾವಲುಗಾರ ವಿಷಯ ತಿಳಿಯದೆ ಸ್ವಿಚ್ ಹಾಕಿದ್ದಾನೆ ಎಂದು ಅದರಲ್ಲಿತ್ತು. ಮೇಸ್ತ್ರಿ ನೆನಪಿಸಿಕೊಳ್ಳಲು ಹೋದರೆ ಕಣ್ಣಿಗೆ ಕಟ್ಟುತ್ತಿದ್ದುದು ಲಿಫ್ಟಿನ ಕರಿಯ ತಳ ಒಂದೇ. ಬೀಗ ಹಾಕಿದ್ದು ನೆನಪಿದೆ, ಬೀಗದ ಕೈಯನ್ನು ಏನು ಮಾಡಿದೆ ಎಂಬುದು ಅಳಿಸಿಹೋಗಿತ್ತು. ಅವನು ಸಹಿ ಹಾಕಿದ. ತನ್ನ ಬಾಯಿಂದ ಇಷ್ಟು ಜನಕ್ಕೆ ಹೇಳಿದ ಮಾತು ತನಗೇ ತಿರುಗಿ ಬಂದಿತ್ತು.

ಅಂದಿನಿಂದ ಅವನಿಗೆ ತನ್ನ ಕೈಗಳ ಮೇಲೆ ನಂಬಿಕೆ ಹೋಯಿತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ, ನಲ್ಲಿ ಮುಚ್ಚಿದ್ದೇನೋ ಇಲ್ಲವೋ. ಲಿಫ್ಟಿನ ಗಂಟೆ ಎಲ್ಲಿ ಕೇಳಿದರೂ ಅಂಗೈ ಬೆವರುತ್ತಿತ್ತು. ಗುಂಡಿಗಿಳಿಯುವ ಕೆಲಸವನ್ನೆಲ್ಲ ಹೆಂಡತಿಯ ತಮ್ಮ ಮಾಡುತ್ತಿದ್ದ. ಅವನೂ ಅದೇ ಕಂಪನಿಯವನು. ಉದ್ದಕ್ಕೆ, ಸಣ್ಣಗೆ, ತುದಿಯಲ್ಲಿ ಮಾತ್ರ ಅಗಲವಾಗಿರುವುದರಿಂದ ಅವನನ್ನು ಎಲ್ಲರೂ ಸ್ಪ್ಯಾನರ್ ಎನ್ನುತ್ತಿದ್ದರು. ವರದಿಯ ಮಾತು ಅಕ್ಕನ ಕಿವಿಗೆ ಬೀಳಬಾರದು ಎಂದು ಮೇಸ್ತ್ರಿ ಅವನಿಂದ ಆಣೆ ಹಾಕಿಸಿಕೊಂಡಿದ್ದ. ಹೆಂಡತಿಗೆ ಗೊತ್ತಿದ್ದದ್ದು ಇಷ್ಟೇ: ಯಾರೋ ಸ್ವಿಚ್ ಹಾಕಿದರು, ಗಂಡ ಬದುಕಿ ಬಂದ.

ಒಂದು ಬೆಳಿಗ್ಗೆ ಅವಳು ತರಕಾರಿ ತೆಗೆದುಕೊಂಡು ಬರುವಾಗ, ಗಂಟೆ ಹಿಂದೆಯೇ ಕೆಲಸಕ್ಕೆ ಹೊರಟಿದ್ದ ಗಂಡ ಮನೆಯ ಬಾಗಿಲ ಬೀಗ ಹಿಡಿದುಕೊಂಡು ನಿಂತೇ ಇದ್ದ. “ಹಾಕಿದ್ದೀನಾ ಇಲ್ವಾ ಗೊತ್ತಾಗ್ತಿಲ್ಲ ಕಣೇ” ಎಂದ. ಬೀಗ ಹಾಕಿಯೇ ಇತ್ತು. ಅವಳು ಚೀಲ ಕೆಳಗಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ರವಿಕೆ ಹೊಲಿಸಲು ಬರುವ ಟೀಚರೊಬ್ಬರು ಹೇಳಿದ್ದ ವಿಳಾಸ ಅವಳ ಅಳತೆ ಪುಸ್ತಕದಲ್ಲಿತ್ತು. ಆ ವಾರವೇ ಅವನನ್ನು ಈ ನಾಲ್ಕನೆಯ ಮಹಡಿಗೆ ಅಟ್ಟಿದಳು.

ಮೊದಲೆರಡು ವಾರ ಡಾಕ್ಟರಮ್ಮ ಅಪಘಾತದ ಸುದ್ದಿಯನ್ನೇ ಎತ್ತದೆ ಲಿಫ್ಟ್ ಹೇಗೆ ಓಡುತ್ತದೆ ಎಂದು ಕೇಳಿದ್ದರು. ಅವನು ಚಿತ್ರ ಬರೆದು ತೋರಿಸಿದ. ಅಷ್ಟು ಒಳ್ಳೆಯ ಶಿಷ್ಯರು ಅವನಿಗೆ ಕಂಪನಿಯಲ್ಲೂ ಸಿಕ್ಕಿರಲಿಲ್ಲ. ಮೂರನೆಯ ವಾರ ಅವರು, ಜೀವಕ್ಕೆ ಅಪಾಯವಾದಾಗ ಮೈಯೊಳಗೆ ಒಂದು ಎಚ್ಚರಿಕೆ ಹೊಡೆದುಕೊಳ್ಳುತ್ತದೆ, ಕೆಲವೊಮ್ಮೆ ಅಪಾಯ ಕಳೆದ ಮೇಲೂ ಅದು ನಿಲ್ಲುವುದಿಲ್ಲ ಎಂದು ವಿವರಿಸಲು ಹೋದರು. ಮೇಸ್ತ್ರಿ ಅರ್ಧಕ್ಕೇ ಅರ್ಥ ಮಾಡಿಕೊಂಡ. “ಜನ ಜಾಸ್ತಿ ಆದ್ರೆ ಲಿಫ್ಟಲ್ಲಿ ಒಂದು ಬಜರ್ ಹೊಡ್ಕೊಳ್ಳುತ್ತೆ. ಕೆಲವು ಸಲ ಒಳಗೆ ಒಂದು ನರಪಿಳ್ಳೆ ಇಲ್ದಿದ್ರೂ ಕೂಗ್ತಾನೇ ಇರುತ್ತೆ. ಲಿಫ್ಟ್ ಸರಿಯಾಗೇ ಇರುತ್ತೆ. ಭಾರ ತೂಗೋ ಪಟ್ಟಿ ಒಂದ್ಸಲ ಜೋರಾಗಿ ಒತ್ತಿಹೋಗಿ, ವಾಪಸ್ ಬಂದಿರಲ್ಲ.”

“ಅದನ್ನ ಹೇಗೆ ರಿಪೇರಿ ಮಾಡ್ತೀರಿ?”

“ಖಾಲಿ ಲಿಫ್ಟ್ ನಿಲ್ಲಿಸಿಕೊಂಡು, ಇದು ಖಾಲಿ, ಇದು ಖಾಲಿ ಅಂತ ಅದಕ್ಕೆ ಮತ್ತೆ ಕಲಿಸಬೇಕು.”

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಮೇಸ್ತ್ರಿಗೆ ಅದೇ ಮೊದಲು.

ಆಮೇಲಿನ ವಾರಗಳಲ್ಲಿ ಅವನು ಆ ದಿನದ ಕಥೆ ಹೇಳಿದ. ಮೂರು ಸಲ ಹೇಳಿದರೂ ಮೂರು ಸಲವೂ ಲಿಫ್ಟಿನ ತಳ ಕಿವಿಯ ಹತ್ತಿರ ಬಂದು ನಿಂತಲ್ಲಿಗೆ ಮಾತು ಕಡಿದುಹೋಗುತ್ತಿತ್ತು. ಅವನು ಕೈ ಎತ್ತಿಬಿಡುತ್ತಿದ್ದ. ಕೈ ಎತ್ತಿದರೆ ನಿಲ್ಲಿಸುವುದು ಅವರಿಬ್ಬರ ಒಪ್ಪಂದ.

“ಇವತ್ತು ಇನ್ನೂ ನಿಧಾನಕ್ಕೆ ಹೋಗೋಣ” ಎಂದರು ಡಾಕ್ಟರಮ್ಮ, ಅವನು ಲೋಟ ಖಾಲಿ ಮಾಡಿ ಕೂತ ಮೇಲೆ. “ಈಗ ನಡೀತಿದೆ ಅನ್ನೋ ಹಾಗೇ ಹೇಳಿ. ನಿಮ್ಮ ಕಥೆ ಯಾವಾಗಲೂ ಗುಂಡೀಲೇ ನಿಂತುಹೋಗುತ್ತೆ. ಆದ್ರೆ ನೀವು ಹೊರಗೆ ಬಂದಿದ್ದೀರಲ್ಲ, ಅಲ್ಲಿವರೆಗೂ ಹೋಗೋಣ. ಕಾಲು ನೆಲದ ಮೇಲಿದೆ ತಾನೆ?”

“ಇದೆ.”

“ಎಲ್ಲಿಯ ನೆಲ ಅದು?”

“ನಾಲ್ಕನೇ ಮಹಡೀದು.” ಅವನು ಬೂಟನ್ನು ನೆಲಕ್ಕೆ ಒತ್ತಿ, ಶುರುಮಾಡಿದ. “ಗುಂಡಿಯೊಳಗಿದ್ದೀನಿ. ಸ್ಪ್ರಿಂಗಿಗೆ ಗ್ರೀಸ್ ಹಚ್ತಿದ್ದೀನಿ. ಬಾಗಿಲು ಎಳ್ಕೊಂಡಿದ್ದೀನಿ, ಯಾರಾದ್ರೂ ಎಡವಿ ಒಳಗೆ ಬಿದ್ದಾರು ಅಂತ. ಒರೆಸೋ ಬಟ್ಟೆ ತರೋಕೆ ಸ್ಪ್ಯಾನರ್ ವ್ಯಾನಿಗೆ ಹೋಗಿದ್ದಾನೆ. ಮೇಲೆ ಟಕ್ ಅಂತು. ಬ್ರೇಕ್ ಬಿಟ್ಟ ಸದ್ದು. ನನಗದು ನಿದ್ದೇಲೂ ಗೊತ್ತಾಗುತ್ತೆ. ರೋಪ್ ಓಡ್ತಿದೆ. ಕೂಗಬೇಕು, ಬಾಯಿ ಬರ್ತಿಲ್ಲ. ಮೇಲಿಂದ ಬೆಳಕು ಮುಚ್ಕೊಳ್ತಾ ಬರ್ತಿದೆ. ಸ್ಪ್ರಿಂಗ್ ಪಕ್ಕ ಬಲಮಗ್ಗುಲಿಗೆ ಮುದುರಿಕೊಂಡು ಬಿದ್ದೆ. ಬಂತು. ನಿಂತಿತು. ಕಿವಿಯಿಂದ ಒಂದೂವರೆ ಗೇಣು ಮೇಲೆ.”

ಅವನ ಹಣೆ ಬೆವರಿತು. ಕೈ ತೊಡೆಯ ಮೇಲಿಂದ ಎರಡು ಬೆರಳಿನಷ್ಟು ಎದ್ದು, ಅಲ್ಲೇ ನಿಂತಿತು.

“ಏನು ಕೇಳ್ತಿದೆ?”

“ಲಿಫ್ಟಿನೊಳಗೆ ಇಬ್ಬರು ಹೆಂಗಸರು. ಬಾಗಿಲಿಗೆ ಕಾಲು ಅಡ್ಡ ಇಟ್ಕೊಂಡು ಮಾತಾಡ್ತಿದ್ದಾರೆ. ನೀಲಿ ಪರದೆ ಬೇಡ, ಹಸಿರೇ ಇರಲಿ ಅಂತಾರೆ ಒಬ್ರು. ಹಸಿರು ಬೇಗ ಬಣ್ಣ ಬಿಡುತ್ತೆ ಅಂತಾರೆ ಇನ್ನೊಬ್ರು.” ಅವನು ಎಂಜಲು ನುಂಗಿಕೊಂಡ. “ನಾನು ಸಾಯ್ತಿದ್ದೀನಿ ಅನ್ಕೊಂಡಿದ್ದೀನಿ. ಅವರದು ಪರದೆ ಮುಗೀತಾನೇ ಇಲ್ಲ.”

“ನೆಲ ಹೇಗಿದೆ?”

“ತಣ್ಣಗಿದೆ. ಎಣ್ಣೆ. ಕೆನ್ನೆಗೆ ಅಂಟ್ತಿದೆ.”

“ಭುಜ?”

“ಸ್ಪ್ರಿಂಗಿಗೆ ಸಿಕ್ಕಿದೆ. ಅಲ್ಲಾಡೋಕೆ ಆಗಲ್ಲ.”

“ಕೆಳಗೆ?”

“ತೊಡೆ. ಏನೋ ಚುಚ್ತಿದೆ. ಭಾರವೆಲ್ಲ ಅದರ ಮೇಲೇ ಬಿದ್ದಿದೆ. ಕಲ್ಲಿರಬೇಕು.” ಅವನು ಕುರ್ಚಿಯಲ್ಲೇ ಬಲಮಗ್ಗುಲಿಗೆ ವಾಲಿದ. “ಕಲ್ಲಲ್ಲ” ಎಂದ ಮೇಸ್ತ್ರಿ, ಬಹಳ ಮೆಲ್ಲಗೆ. “ನೆಲದ್ದಲ್ಲ ಅದು. ಪ್ಯಾಂಟಿನ ಒಳಗಿಂದ ಚುಚ್ತಿದೆ.”

ಅವನ ಬಲಗೈ ತಾನಾಗಿ ಬಲತೊಡೆಯನ್ನು ಹಿಡಿದುಕೊಂಡಿತ್ತು. ಅವನು ಕುರ್ಚಿಯಿಂದ ಅರ್ಧ ಎದ್ದ. ಈಗಲೇ ಎಲ್ಲಿಗೋ ಓಡಬೇಕು ಅನ್ನಿಸಿತು.

“ಅದನ್ನ ಅಲ್ಲೇ ಇಟ್ಕೊಂಡಿರಿ” ಎಂದರು ಡಾಕ್ಟರಮ್ಮ. “ಎಲ್ಲೂ ಹೋಗಲ್ಲ ಅದು. ಮೊದಲು ಹೊರಗೆ ಬರೋಣ.”

ಅವನು ಕೂತ. ಉಳಿದದ್ದನ್ನು ಹೇಳಿದ. ಪರದೆಯ ಮಾತು ಮುಗಿದು ಲಿಫ್ಟ್ ಮೇಲಕ್ಕೆ ಹೋದದ್ದು, ಬೆಳಕು ಕಾಲಿನ ಕಡೆಯಿಂದ ಬಂದದ್ದು, ಬಾಗಿಲು ತೆರೆದ ಸ್ಪ್ಯಾನರನ ಮುಖ ಸುಣ್ಣದಂತೆ ಬೆಳ್ಳಗಾದದ್ದು, “ಭಾವ, ಭಾವ” ಎನ್ನುತ್ತ ಅವನು ಉದ್ದನೆಯ ಕೈ ಕೆಳಗೆ ಚಾಚಿದ್ದು. ಆಸ್ಪತ್ರೆಯಲ್ಲಿ ಯಾರೋ ಕೊಟ್ಟ ಟೀಗೆ ಸಕ್ಕರೆ ಜಾಸ್ತಿಯಾಗಿತ್ತು. ಅದನ್ನು ಕುಡಿದದ್ದೇ ಮೇಸ್ತ್ರಿಗೆ ಹದಿನಾಲ್ಕು ತಿಂಗಳಿಂದ ನೆನಪಾಗಿರಲಿಲ್ಲ. ಇವತ್ತು ಅದರ ಸಿಹಿ ನಾಲಗೆಯ ಮೇಲೆ ಬಂತು.

“ಮುಗೀತಾ?”

“ಮುಗೀತು.” ಕೈ ಎತ್ತದೆ ಕೊನೆಯವರೆಗೆ ಬಂದಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು. “ಡಾಕ್ಟರಮ್ಮ, ಅದು ಕೀನೇನಾ?”

“ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ನೆನಪಿನಲ್ಲಿ ಭಯಾನೂ ಸೇರ್ಕೊಂಡಿರುತ್ತೆ, ಆಸೇನೂ ಸೇರ್ಕೊಂಡಿರುತ್ತೆ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಂದು ಮಾತು ಹೇಳ್ತೀನಿ. ಕೀ ಜೇಬಲ್ಲಿ ಇದ್ದಿದ್ರೂ, ಬೀಗದಲ್ಲೇ ಇದ್ದಿದ್ರೂ, ಆ ಹನ್ನೊಂದು ನಿಮಿಷ ನೀವು ಅನುಭವಿಸಿದ್ದು ನಿಜ. ತಪ್ಪು ಯಾರದು ಅಂತ ತೀರ್ಮಾನ ಆಗೋವರೆಗೂ ವಾಸಿಯಾಗಬಾರದು ಅಂತೇನಿಲ್ಲ. ಇವತ್ತು ಹೊರಗೆ ಬಂದ್ರಲ್ಲ, ಅದಂತೂ ನಿಮ್ಮದೇ.”

ಮೇಸ್ತ್ರಿ ತಲೆಯಾಡಿಸಿದ. ಮಾತು ಅರ್ಥವಾಗಿತ್ತು. ಆದರೂ ಬಸ್ಸಿನಲ್ಲಿ ಮನೆಯವರೆಗೂ ಅವನ ಅಂಗೈ ತೊಡೆಯ ಮೇಲೇ ಇತ್ತು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಾಯಲ್ಲಿ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಹುಬ್ಬಿನಲ್ಲೇ ಏನೆಂದು ಕೇಳಿದಳು. ಮೇಸ್ತ್ರಿ ಬೂಟು ಬಿಚ್ಚದೆ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಬಂದು ನಿಂತ.

“ಆಸ್ಪತ್ರೆಯಿಂದ ಬಂದಾಗ ನನ್ನ ತೊಡೆ ಮೇಲೆ ಏನಾದ್ರೂ ಇತ್ತಾ?”

ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. “ಇಲ್ದೆ ಏನ್ರೀ? ನೀಲಿಗಟ್ಟಿತ್ತು. ಹದಿನೈದು ದಿನ ಮುಲಾಮು ಹಚ್ಚಿದ್ದೀನಿ. ಊರೋರೆಲ್ಲ ಒಂದು ಗೀರೂ ಬಿದ್ದಿಲ್ಲ ಅಂತಿದ್ರು, ನಾನು ನೋಡಿದ್ದು ನನಗೆ ಗೊತ್ತು.”

“ಹೇಗಿತ್ತು ಅದು?”

ಇದೇನು ಪ್ರಶ್ನೆ ಎಂಬಂತೆ ಅವಳು ಅವನ ಮುಖ ನೋಡಿದಳು. ಆಮೇಲೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು, ಮೇಜಿನ ಮೇಲಿದ್ದ ಕಂದು ಬಟ್ಟೆಯ ಮೇಲೆ ಗೆರೆ ಎಳೆದಳು. ಒಂದು, ಎರಡು, ಮೂರು. ಇಪ್ಪತ್ತು ವರ್ಷ ಅಳತೆ ತೆಗೆದ ಕೈ ಅದು, ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಆರನೆಯ ಗೆರೆ ಮೊದಲನೆಯದಕ್ಕೆ ಸೇರಿದಾಗ ಮೇಸ್ತ್ರಿ ಮೇಜನ್ನು ಹಿಡಿದುಕೊಂಡ.

“ಮೊಹರು ಒತ್ತಿದ ಹಾಗಿದೆ ಅಂತ ಅವತ್ತೇ ತಮಾಷೆ ಮಾಡಿದೆ. ನೀವು ಗೋಡೆ ಕಡೆ ತಿರುಗಿ ಮಲಗಿದ್ರಿ. ಯಾಕ್ರೀ, ಏನಾಯ್ತು?”

ಆಗ ಅವನು ಹೇಳಿದ. ವರದಿಯ ಮಾತು, ಸಹಿಯ ಮಾತು, ಸ್ಪ್ಯಾನರನ ಆಣೆ, ಜೇಬಿನಲ್ಲಿದ್ದ ರಾಜೀನಾಮೆ ಪತ್ರ, ಎಲ್ಲವನ್ನೂ. ಅವಳ ಮುಖ ಕೆಂಪಗಾಯಿತು.

“ಈ ಒಂದು ಮಾತು ನನ್ನ ಹತ್ತಿರ ಆಡಿದ್ರೆ ಅವತ್ತೇ ಇತ್ಯರ್ಥ ಆಗ್ತಿತ್ತಲ್ರೀ. ಗಾಯ ನಾನು ನೋಡಿದ್ದೆ, ವರದಿ ನೀವು ನೋಡಿದ್ರಿ. ಒಂದೇ ಮನೇಲಿ ಕೂತ್ಕೊಂಡು ಹದಿನಾಲ್ಕು ತಿಂಗಳು.” ಅವಳು ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದಳು. “ಅವನು ಬರಲಿ ಇವತ್ತು. ಸ್ಪ್ಯಾನರಂತೆ, ಆಣೆಯಂತೆ.”

“ಆ ಪ್ಯಾಂಟು?”

“ಬಿಸಾಕು ಅಂದ್ರಿ.”

“ಬಿಸಾಕಿದ್ಯಾ?”

“ಒಳ್ಳೆ ಗಟ್ಟಿ ಬಟ್ಟೆ ಅದು. ಬಿಸಾಕೋಕೆ ನನಗೇನು ತಲೆ ಕೆಟ್ಟಿದೆಯಾ?” ಅವಳು ಸ್ಟೂಲು ಹತ್ತಿ ಬೀರುವಿನ ಮೇಲಿಂದ ಒಂದು ಗಂಟು ಇಳಿಸಿದಳು. ಆಸ್ಪತ್ರೆಯವರು ಚೀಲಕ್ಕೆ ತುಂಬಿ ಬಾಯಿ ಕಟ್ಟಿಕೊಟ್ಟದ್ದು ಹಾಗೆಯೇ ಇತ್ತು. “ಬಿಚ್ಚೋಕೆ ನನಗೂ ಧೈರ್ಯ ಬರಲಿಲ್ಲ” ಎಂದಳು, ದನಿ ತಗ್ಗಿಸಿ.

ಗಂಟು ಮೇಜಿನ ಮೇಲೆ ಕೂತಿತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

“ಇಲ್ದೇ ಹೋದ್ರೆ?” ಎಂದ ಮೇಸ್ತ್ರಿ.

“ಇಲ್ದೇ ಹೋದ್ರೆ ಮುಂದಿನ ಗುರುವಾರ ಡಾಕ್ಟರಮ್ಮನ ಹತ್ತಿರ ಹೋಗ್ತೀರಿ. ಇದ್ರೂ ಹೋಗ್ತೀರಿ. ಬಿಚ್ಚಿ.”

ಅವನು ಚೀಲದ ಬಾಯಿ ಬಿಚ್ಚಿದ, ಗ್ರೀಸಿನ ವಾಸನೆ ಬಂತು. ಕಾಲನ್ನು ನೆಲಕ್ಕೊತ್ತಿ ನಿಂತು, ಇದು ಮನೆಯ ನೆಲ ಎಂದು ತನಗೆ ತಾನೇ ಹೇಳಿಕೊಂಡ. ಪ್ಯಾಂಟಿನ ಬಲಗಾಲನ್ನು ಹರಡಿದ. ಜೇಬಿನ ಗುಂಡಿ ಎಣ್ಣೆಗೆ ಜಿಗುಟಾಗಿ ಕಾಜಿನಿಂದ ಬಿಡಲೊಲ್ಲದು. ಹೆಂಡತಿ ಕತ್ತರಿ ಚಾಚಿದಳು. ಅವನು ಬೇಡವೆಂದು ತಲೆಯಾಡಿಸಿ, ಉಗುರಿನಿಂದಲೇ ಬಿಡಿಸಿ, ಎರಡು ಬೆರಳು ಒಳಗೆ ಹಾಕಿದ.

ಬೀಗದ ಕೈ ಬಿಲ್ಲೆಯ ಸಮೇತ ಅಲ್ಲಿತ್ತು.

ಅವನು ಅದನ್ನು ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಗಳ ಒಳಗಿಟ್ಟ. ಎಳ್ಳಷ್ಟೂ ಆಚೀಚೆಯಾಗದೆ ಕೂತಿತು. “ಹಾಕ್ಕೊಂಡಿದ್ದೆ ಕಣೇ” ಎಂದ. ಮತ್ತೆ, “ನಾನು ಜೇಬಿಗೆ ಹಾಕ್ಕೊಂಡಿದ್ದೆ” ಎಂದ. ಅಷ್ಟು ಹೇಳಿ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತು, ಬಾಯಿಬಿಟ್ಟು ಅತ್ತ. ಹೆಂಡತಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಹದಿನಾಲ್ಕು ತಿಂಗಳಲ್ಲಿ ಅವಳೂ ಅವನಷ್ಟೇ ದಣಿದಿದ್ದಳು. ಅಳು ನಿಂತ ಮೇಲೆ ಅವನಿಗೆ ವಿಪರೀತ ಹಸಿವಾಯಿತು.

ಮರುದಿನ ಸ್ಪ್ಯಾನರ್ ಆ ಕಾವಲುಗಾರನ ಹಲ್ಲು ಉದುರಿಸುತ್ತೇನೆಂದು ಹೊರಟ. ಮೇಸ್ತ್ರಿ ಜೊತೆಯಲ್ಲಿ ಹೋದ. ಬಿಲ್ಲೆಯನ್ನು ಕಂಡ ಕೂಡಲೇ ಕಾವಲುಗಾರ ಎಲ್ಲ ಒಪ್ಪಿಕೊಂಡ. ರಿಪೇರಿಯವರು ಲಿಫ್ಟ್ ನಿಲ್ಲಿಸಿ ಹೋದಾಗಲೆಲ್ಲ ಮನೆಗಳವರು ಬಂದು ಅವನನ್ನು ಬೈಯುತ್ತಿದ್ದರಂತೆ. ಬೈಗುಳ ತಾಳದೆ ಅವನು ಹಿಂದೊಮ್ಮೆ ಮೇಸ್ತ್ರಿ ರಜೆಯಲ್ಲಿದ್ದಾಗ ಬದಲಿಗೆ ಬಂದವನು ಬೀಗದಲ್ಲೇ ಬಿಟ್ಟಿದ್ದ ಕೈ ಒಂದು ಗಂಟೆ ತನ್ನ ವಶದಲ್ಲಿದ್ದಾಗ ನಕಲಿ ಕೈ ಮಾಡಿಸಿಟ್ಟುಕೊಂಡಿದ್ದ. ಅವತ್ತು ಒಬ್ಬರು ಜೋರು ಮಾಡಿದರೆಂದು ಮೇಲೆ ಹೋಗಿ ಅದರಿಂದ ಬೀಗ ತೆಗೆದು ಸ್ವಿಚ್ ಹಾಕಿದ್ದ, ಬೀಗದಲ್ಲಿ ಸಿಕ್ಕಿದ್ದು ಆ ನಕಲಿ ಕೈ. ಅಪಘಾತದ ಮರುವಾರವೇ ಕಂಪನಿ ಎಲ್ಲ ಬೀಗಗಳನ್ನು ಬದಲಾಯಿಸಿದ್ದರಿಂದ ಹಳೆಯ ಕೈ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. “ಕಣ್ಣು ಮುಚ್ಚಿದ್ರೆ ನೀವೇ ಕಾಣ್ತೀರಿ ಮೇಸ್ತ್ರಿ” ಎಂದ ಕಾವಲುಗಾರ. “ಒಂದು ದಿನ ನೆಟ್ಟಗೆ ಊಟ ಸೇರಿಲ್ಲ.” ಅಂಥ ರಾತ್ರಿಗಳು ಮೇಸ್ತ್ರಿಗೆ ಚಿರಪರಿಚಿತ. ಸೂಪರ್‌ವೈಸರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವಂತೆ ಹೇಳಿ, ಇನ್ನೊಂದು ಚೀಟಿಯಲ್ಲಿ ಒಂದು ಫೋನ್ ನಂಬರ್ ಗೀಚಿ ಅವನ ಕೈಗಿಟ್ಟ.

“ಏನು ಭಾವ ಅದು?” ಎಂದು ಸ್ಪ್ಯಾನರ್ ವ್ಯಾನಿನಲ್ಲಿ ಗುರುಗುಟ್ಟಿದ.

“ಹಲ್ಲಿನ ಡಾಕ್ಟರ ನಂಬರು.”

ವರದಿ ತಿದ್ದಿದ್ದಾಯಿತು, ಗಡುವು ಮುಂದಕ್ಕೆ ಹೋಯಿತು. ರಾಜೀನಾಮೆ ಪತ್ರದ ಹಿಂಬದಿ ಖಾಲಿಯಿದ್ದದ್ದರಿಂದ ಹೆಂಡತಿ ಅದನ್ನು ಕಾಲರಿನ ಮಾದರಿಗೆ ಕತ್ತರಿಸಿಕೊಂಡಳು. ಆದರೆ ಬೀಗದ ಕೈ ಸಿಕ್ಕ ಮಾತ್ರಕ್ಕೆ ಮೈ ಹೇಳಿದ ಮಾತು ಕೇಳಿಬಿಡುತ್ತದೆಯೇ? ಮುಂದಿನ ಗುರುವಾರವೂ ಮೇಸ್ತ್ರಿ ಮೆಟ್ಟಿಲನ್ನೇ ಹತ್ತಿದ. “ತಪ್ಪು ನಂದಲ್ಲ ಅಂತ ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ” ಎಂದ. ಡಾಕ್ಟರಮ್ಮ ನಕ್ಕು, ಖಾಲಿ ಲಿಫ್ಟಿಗೆ ಕಲಿಸೋಣ ಬನ್ನಿ ಎಂದರು. ಒಂದು ವಾರ ಇಬ್ಬರೂ ಲಿಫ್ಟಿನ ಬಾಗಿಲ ಮುಂದೆ ಸುಮ್ಮನೆ ನಿಂತರು. ಇನ್ನೊಂದು ವಾರ ಒಳಗೆ ಹೋಗಿ, ಬಾಗಿಲು ತೆರೆದಿಟ್ಟುಕೊಂಡೇ ನೂರರವರೆಗೆ ಎಣಿಸಿದರು. ನಡುವೆ ಒಂದು ವಾರ ಅವನಿಂದ ಏನೂ ಆಗಲಿಲ್ಲ, ಬಾಗಿಲ ಹತ್ತಿರ ಹೋಗಿ ಬೆವರಿ ವಾಪಸ್ ಬಂದ. ಅದೂ ಲೆಕ್ಕಕ್ಕಿದೆ ಎಂದರು ಡಾಕ್ಟರಮ್ಮ.

ಐದನೆಯ ವಾರದ ಸೋಮವಾರ ಅವನು ಒಂದು ಕಟ್ಟಡದ ತಾರಸಿಗೆ ಹೋಗಿ ಸ್ವಿಚ್ ಕೆಳಗೆಳೆದು, ಬೀಗ ಜಡಿದು, ಹೊಸ ಬೀಗದ ಕೈಯನ್ನು ಹಳೆಯ ಬಿಲ್ಲೆಯ ಸಮೇತ ತೊಡೆಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಒಮ್ಮೆ ಮುಟ್ಟಿ ನೋಡಿದ. ಎರಡನೆಯ ಸಲ ಮುಟ್ಟಬೇಕೆನಿಸಿದರೂ ಮುಟ್ಟದೆ ಕೆಳಗೆ ಬಂದ. ಗುಂಡಿಯ ಅಂಚಿನಲ್ಲಿ ಸ್ಪ್ಯಾನರ್ ಕುಕ್ಕರಗಾಲಲ್ಲಿ ಕೂತಿದ್ದ.

“ನಾನೇ ಇಳೀತೀನಿ ಬಿಡಿ ಭಾವ, ಇವತ್ತೇ ಆಗಬೇಕು ಅಂತೇನಿದೆ?”

“ನೀನು ಮಾತಾಡ್ತಾ ಇರು, ಸಾಕು.”

ಸ್ಪ್ಯಾನರಿಗೆ ಆ ಕೆಲಸ ಯಾರೂ ಕಲಿಸಬೇಕಾಗಿರಲಿಲ್ಲ. ಮೇಸ್ತ್ರಿ ಕೆಳಗೆ ಗ್ರೀಸ್ ಹಚ್ಚುತ್ತಿದ್ದಷ್ಟು ಹೊತ್ತೂ ಅವನು, ಅಕ್ಕ ಆಣೆಯ ವಿಷಯಕ್ಕೆ ತನ್ನನ್ನು ಹೇಗೆ ಅಡ್ಡಡ್ಡ ಸಿಗಿದಳು ಎಂಬುದನ್ನು ಅಕ್ಕನ ದನಿಯಲ್ಲೇ ಅಭಿನಯಿಸಿ ತೋರಿಸಿದ. ಮೇಸ್ತ್ರಿ ನಕ್ಕದ್ದು ಗುಂಡಿಯೊಳಗಿಂದ ದೊಡ್ಡದಾಗಿ ಕೇಳಿಸಿತು. ನಡುನಡುವೆ ಅವನು ತಲೆಯೆತ್ತಿ ಲಿಫ್ಟಿನ ತಳವನ್ನು ನೋಡುತ್ತಲೇ ಇದ್ದ, ಕೆಲಸವೂ ಮುಗಿಯಿತು. ಬರುವಾಗ ಒಂದು ಒಂಟಿ ಓಲೆ ಸಿಕ್ಕಿತು. ಅದನ್ನು ಒರೆಸಿ ನೋಟಿಸ್ ಬೋರ್ಡಿಗೆ ಸಿಕ್ಕಿಸಿದರು.

ಆ ವಾರದ ಗುರುವಾರ ಮೂರಕ್ಕೆ ಐದು ನಿಮಿಷವಿರುವಾಗ ಅವನು ಡಾಕ್ಟರಮ್ಮನ ಕಟ್ಟಡದ ಕೆಳಗೆ ಲಿಫ್ಟಿನ ಮುಂದೆ ನಿಂತಿದ್ದ. ಹಿಂದೆ ಊರುಗೋಲಿನ ಸದ್ದಾಯಿತು.

“ಇವತ್ತು ವ್ಯಾಯಾಮ ಇಲ್ವೇನಪ್ಪಾ?” ಎಂದರು ಮೂರನೆಯ ಮಹಡಿಯ ಅಜ್ಜಿ.

“ಇವತ್ತು ರಜೆ ಅಮ್ಮ.”

“ನಿನ್ನನ್ನ ನೋಡಿದಾಗಿಂದ ನಾನು ಈ ಲಿಫ್ಟ್ ಹತ್ತಿಲ್ಲ. ಐದು ವಾರ ನಡೆದೂ ನಡೆದೂ ಮಂಡಿನೋವೇ ಬಿಟ್ಟುಹೋಯ್ತು.” ಬಾಗಿಲು ತೆರೆಯಿತು. ಅಜ್ಜಿ ಅನುಮಾನದಿಂದ ಒಳಗೆ ಇಣುಕಿದರು. “ಹತ್ತಬಹುದಾ?”

ಮೇಸ್ತ್ರಿ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನು ಮೊದಲು ಒಳಗೆ ಕಾಲಿಟ್ಟು, ಬಾಗಿಲಿಗೆ ಕೈ ಅಡ್ಡ ಹಿಡಿದು, “ಬನ್ನಿ ಅಮ್ಮ” ಎಂದ. ಬಾಗಿಲು ಮುಚ್ಚಿತು. ಮೇಲೆ ಟಕ್ ಎಂದು ಬ್ರೇಕ್ ಬಿಟ್ಟ ಸದ್ದಾಯಿತು. ಅವನು ಜೇಬಿನ ಮೇಲಿಂದಲೇ ಬಿಲ್ಲೆಯ ಮೂಲೆಗಳನ್ನು ಮುಟ್ಟಿದ. ಮೂರು ಮುಟ್ಟುವಷ್ಟರಲ್ಲಿ ಅಜ್ಜಿಯ ಮಹಡಿ ಬಂತು, ಆರು ಮುಗಿಯುವಷ್ಟರಲ್ಲಿ ನಾಲ್ಕನೆಯದು.

ಒಳಗೆ ಡಾಕ್ಟರಮ್ಮ ಬಗ್ಗಿ ಮೇಜಿನ ಕೆಳಗೆ ಕನ್ನಡಕ ಹುಡುಕುತ್ತಿದ್ದರು. ಬಾಗಿಲು ತಟ್ಟಿದ ಸದ್ದಿಗೆ ತಲೆಯೆತ್ತಿ, ಗಡಿಯಾರ ನೋಡಿದರು, ಆಮೇಲೆ ಅವನನ್ನು ನೋಡಿದರು. ಅವನ ಉಸಿರು ತನ್ನ ಪಾಡಿಗೆ ತಾನು ಆಡುತ್ತಿತ್ತು. ಅವರು ಕುರ್ಚಿ ತೋರಿಸಿದರು, ಅವನು ಕೂತ.

“ಕನ್ನಡಕ ಫೈಲಿನ ಮೇಲಿದೆ” ಎಂದ ಮೇಸ್ತ್ರಿ.

ಮಾತು ಸ್ಪ್ಯಾನರನಿಂದ ಶುರುವಾಗಿ ಅಜ್ಜಿಯ ಮಂಡಿಗೆ ಬಂತು, ಅಲ್ಲಿಂದ ಮುಂದಕ್ಕೂ ಹೋಯಿತು. ನಾಲ್ಕು ಗಂಟೆಗೆ ಅವನು ಎದ್ದಾಗ ಮೇಜಿನ ಮೇಲಿನ ಲೋಟದಲ್ಲಿ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು.